ಟೈಮ್ ಚೀಟಿಯ ಎರಡು ಅಂಕಿ: ಶಕ್ತಿ, ತೂಕ, ಹಿಡಿತ

ಗೆಳೆಯರೇ,

ಮಳೆಗಾಲದಲ್ಲಿ ಕಾಫಿ ತೋಟದ ಏರಿನಲ್ಲಿ ಖಾಲಿ ಪಿಕಪ್‌ನ ಹಿಂದಿನ ಚಕ್ರ ಕೆಸರಲ್ಲಿ ಗಿರಗಿರ ತಿರುಗುವುದನ್ನು ಚಿಕ್ಕಮಗಳೂರಿನ ನೀವೆಲ್ಲ ನೋಡಿದ್ದೀರಿ. ನಾಲ್ಕು ಮೂಟೆ ಹೇರಿದರೆ ಅದೇ ಗಾಡಿ ಹತ್ತುತ್ತದೆ. ಎಂಜಿನ್ ಅದೇ, ಎಳೆಯುವ ಚಕ್ರದ ಮೇಲೆ ಭಾರ ಕೂತಿತು. ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ 402 ಮೀಟರ್‌ನ ಡ್ರ್ಯಾಗ್ ಓಟದಲ್ಲೂ ಮೊದಲ 18 ಮೀಟರ್ ಇದೇ ಲೆಕ್ಕ.

ಓಟ ಮುಗಿದ ಮೇಲೆ ಸಿಗುವ ಚೀಟಿಯಲ್ಲಿ ಎರಡು ಅಂಕಿ ಮುಖ್ಯ. ಕೊನೆಯ ವೇಗದಲ್ಲಿ ಎಂಜಿನ್ನಿನ ಬಲ ಕಾಣುತ್ತದೆ. ಒಟ್ಟು ಸಮಯದಲ್ಲಿ ಹಿಡಿತವೂ ಸೇರಿಕೊಳ್ಳುತ್ತದೆ. ಚಾಲಕನೂ ಸೇರಿದ ತೂಕವನ್ನು ಕೆಜಿಯಲ್ಲಿ ತೆಗೆದುಕೊಂಡು ಎಂಜಿನ್ನಿನ ಎಚ್‌ಪಿಯಿಂದ (ಅಶ್ವಶಕ್ತಿ) ಭಾಗಿಸಿ, ಘನಮೂಲ ತೆಗೆಯಿರಿ. ಅದನ್ನು 7.58ರಿಂದ ಗುಣಿಸಿದರೆ ಅಂದಾಜು ಸೆಕೆಂಡ್. 289ನ್ನು ಅದೇ ಘನಮೂಲದಿಂದ ಭಾಗಿಸಿದರೆ ಕೊನೆಯ ವೇಗ, ಗಂಟೆಗೆ ಕಿ.ಮೀ.ನಲ್ಲಿ. 1000 ಕೆಜಿ, 100 ಎಚ್‌ಪಿ ಕಾರಿಗೆ 16.3 ಸೆಕೆಂಡ್, 134 ಕಿ.ಮೀ. ಚೀಟಿಯಲ್ಲಿ ವೇಗ 134 ಇದ್ದು ಸಮಯ 17.2 ಬಂದಿದ್ದರೆ ದಯವಿಟ್ಟು ಎಂಜಿನ್ ಬಿಚ್ಚಬೇಡಿ. ತಪ್ಪು ಹೊರಡುವಾಗಲೇ ಆಗಿದೆ. ಎರಡೂ ಸೊರಗಿದ್ದರೆ ಮಾತ್ರ ಎಂಜಿನ್ ಕಡೆ ತಿರುಗಿ.

ನಮ್ಮ ಊರು ಸಮುದ್ರಮಟ್ಟದಿಂದ 1000 ಮೀಟರ್‌ಗೂ ಮೇಲಿದೆ. ಗಾಳಿ ತೆಳು; ಟರ್ಬೊ ಇಲ್ಲದ ಎಂಜಿನ್ ಸುಮಾರು ಶೇ. 10ರಷ್ಟು ಬಲ ಕಳೆದುಕೊಳ್ಳುತ್ತದೆ. ಅದೇ ಕಾರು ಇಲ್ಲಿ 16.9 ಸೆಕೆಂಡ್, 130 ಕಿ.ಮೀ. ಆಸುಪಾಸು. ಟ್ಯೂನಿಂಗ್ ಮಾಡಿದವರನ್ನು ದೂರುವ ಮುಂಚೆ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ತೂಕ ಇಳಿಸುವುದು ಅಗ್ಗದ ದಾರಿ. ಸ್ಟೆಪ್ನಿ, ಜಾಕ್ ತೆಗೆದು 20 ಕೆಜಿ ಕಡಿಮೆಯಾದರೆ 0.1 ಸೆಕೆಂಡ್ ಉಳಿಯುತ್ತದೆ.

ಹಿಡಿತದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗಾಡಿ ಮುನ್ನುಗ್ಗಿದಾಗ ಭಾರ ಹಿಂದಕ್ಕೆ ಸರಿಯುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿಗೆ ಇದು ನಷ್ಟ. ಮುಂಭಾಗದಲ್ಲಿ 600 ಕೆಜಿ ಇದ್ದ ಕಾರಿನಲ್ಲಿ, ಗುರುತ್ವದ 0.4ರಷ್ಟು ವೇಗವರ್ಧನೆಗೇ ಸುಮಾರು 90 ಕೆಜಿ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಟೈರ್ ನೆಲಕ್ಕೆ ಹೆಚ್ಚು ಅಗಲವಾಗಿ ತಾಗಿ ಹಿಡಿತ ಸಿಗಲೆಂದು, ಮುಂದಿನ ಟೈರ್‌ನ ಗಾಳಿಯನ್ನು 32 ಪಿಎಸ್‌ಐನಿಂದ ಎರಡೆರಡಾಗಿ ಇಳಿಸುತ್ತಾ 26ರವರೆಗೆ ಬನ್ನಿ. 20ಕ್ಕಿಂತ ಕೆಳಗೆ ಟೈರ್‌ನ ಪಕ್ಕೆ ಮಡಚಿ, ರಿಮ್ ಬಿಟ್ಟು ಬರಬಹುದು. ಮನೆಗೆ ಹೊರಡುವ ಮುನ್ನ ಮತ್ತೆ ಗಾಳಿ ತುಂಬಿ.

ಕ್ಲಚ್‌ಅನ್ನು 5000 ಆರ್‌ಪಿಎಮ್‌ನಲ್ಲಿ ತಟ್ಟನೆ ಬಿಟ್ಟರೆ ಹೊಗೆ ಬರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. 2500ರಿಂದ ಆರಂಭಿಸಿ, ಪ್ರತಿ ಓಟಕ್ಕೂ 250 ಏರಿಸಿ. ಟೈರ್ ಸಣ್ಣಗೆ ಕಿರುಗುಟ್ಟುವ ಹಂತದಲ್ಲಿ ನಿಲ್ಲಿ. ಚಕ್ರ ದಡದಡ ಕುಣಿದರೆ ತಕ್ಷಣ ಆಕ್ಸಿಲರೇಟರ್ ಬಿಡಿ. ಎಂಜಿನ್ ಮೌಂಟ್ ಸಡಿಲವಾಗಿರಬಹುದು. ಹಾಗೇ ಒತ್ತಿದರೆ ಡ್ರೈವ್‌ಶಾಫ್ಟ್ ಜಾಯಿಂಟ್ ಮುರಿಯುತ್ತದೆ. ಇದೆಲ್ಲ ಮುಚ್ಚಿದ ಟ್ರ್ಯಾಕ್‌ನಲ್ಲಿ ಮಾತ್ರ. ರಸ್ತೆಯಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ, ಎದುರಿಗೆ ಬರುವವರ ಜೀವಕ್ಕೂ ಅಪಾಯ.

ಬೈಕಿನಲ್ಲಿ ಕಥೆ ಉಲ್ಟಾ. ಹಿಂದೆ ಸರಿದ ಭಾರದಿಂದ ಹಿಡಿತ ಸಿಗುತ್ತದೆ, ಆದರೆ ಮುಂದಿನ ಚಕ್ರ ಮೇಲೇಳುತ್ತದೆ. ಅದಕ್ಕೇ ಮುಂದಿನ ಫೋರ್ಕ್ ತಗ್ಗಿಸಿ, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಉದ್ದ ಮಾಡುತ್ತಾರೆ. ಉದ್ದ ಮಾಡಿದವರು ಚೈನ್ ಜೊತೆಗೆ ಹಿಂದಿನ ಬ್ರೇಕ್ ಹೋಸನ್ನೂ ಅಷ್ಟೇ ಉದ್ದದ್ದು ಹಾಕಿಸಿ.