ತೈಲಬಾವಿಗೆ ಹೋಗುವ ದಾರಿ

ಕೇಳುಗರಿಗೆ ನಮಸ್ಕಾರ. ಮನುಷ್ಯರ ಕೈ ಸೋಕದ ಕಾಡುಗಳಲ್ಲಿ, ಹಿಮಬಯಲುಗಳಲ್ಲಿ ತೈಲಕ್ಕೂ ಅನಿಲಕ್ಕೂ ಬಾವಿ ಕೊರೆಯಬಹುದೇ ಎಂಬ ಪ್ರಶ್ನೆಗೆ ಭೂವಿಜ್ಞಾನಿಯಾದ ನಾನು ಕೊಡುವ ಉತ್ತರ, ಕೊರೆಯಬಾರದು ಎಂಬುದೇ. ಬಾವಿಗಿಂತ ಹೆಚ್ಚಾಗಿ, ಅಲ್ಲಿಗೆ ಹೋಗಲು ಕಡಿಯುವ ದಾರಿಗೆ ನಾನು ಹೆದರುತ್ತೇನೆ.

ಅಲಾಸ್ಕಾದ ಆರ್ಕ್ಟಿಕ್ ವನ್ಯಜೀವಿಧಾಮದ ಕರಾವಳಿ ಬಯಲು ಸುಮಾರು 15 ಲಕ್ಷ ಎಕರೆಯಷ್ಟಿದೆ. 2017ರಲ್ಲಿ ಅಮೆರಿಕದ ಸಂಸತ್ತು ಅದನ್ನು ತೈಲಕ್ಕೆ ತೆರೆದಾಗ, ನೆಲದ ಮೇಲಿನ ಕಾಮಗಾರಿ 2,000 ಎಕರೆ ಮೀರಬಾರದೆಂದು ಮಿತಿ ಹಾಕಿತು. ಕೇಳಲು ಹಿತವಾಗಿದೆ. ಆದರೆ ಆ ಎರಡು ಸಾವಿರ ಎಕರೆ ಒಬ್ಬ ರೈತನ ಹೊಲದಂತೆ ಒಂದೆಡೆ ಇರುವುದಿಲ್ಲ; ಬಾವಿಯ ಸುತ್ತಲಿನ ಅಂಗಳ, ಕೊಳವೆಗಳ ಕಂಬ ಎಂದು ತುಣುಕು ತುಣುಕಾಗಿ ಬಯಲಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. 1984-85ರಲ್ಲಿ ಅಲ್ಲಿ ಕೇವಲ ಕಂಪನ ಸಮೀಕ್ಷೆಗಾಗಿ, ಅಂದರೆ ನೆಲವನ್ನು ಅದುರಿಸಿ ಒಳಗಿನ ಬಂಡೆಗಳ ರಚನೆ ತಿಳಿಯುವುದಕ್ಕಾಗಿ, ಚಳಿಗಾಲದ ಹಿಮದ ಮೇಲೆ ಓಡಿಸಿದ ವಾಹನಗಳ ಜಾಡುಗಳಲ್ಲಿ ಕೆಲವು 25 ವರ್ಷಗಳ ನಂತರವೂ ಮಾಸಿರಲಿಲ್ಲ.

ಇದನ್ನು ನಂಬಲು ಅಲಾಸ್ಕಾಕ್ಕೆ ಹೋಗಬೇಕಿಲ್ಲ, ಸಂಡೂರಿಗೆ ಬಂದರೆ ಸಾಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲಿನ ಗುಡ್ಡವೊಂದರ ಮೇಲೆ ಕಬ್ಬಿಣದ ಅದಿರಿನ ಶೋಧಕ್ಕೆಂದು ನಾವು ಕೊರೆಯುವ ಯಂತ್ರ ಒಯ್ದಿದ್ದೆವು. ತೂತು ಅಂಗೈ ಅಗಲದ್ದು; ಯಂತ್ರ ಗುಡ್ಡ ಹತ್ತಬೇಕಲ್ಲ, ಅದಕ್ಕಾಗಿ ಕಡಿದ ದಾರಿ ಲಾರಿ ಅಗಲದ್ದು. ಕುರಿ ಕಾಯುವ ಹಿರಿಯರೊಬ್ಬರು ದಿನವೂ ಬಂದು ನಿಲ್ಲುತ್ತಿದ್ದರು. ಯಂತ್ರದ ಕಡೆಗೆ ತಿರುಗಿಯೂ ನೋಡದೆ ದಾರಿಯನ್ನೇ ನೋಡುತ್ತಿದ್ದರು. ಕೊನೆಗೊಂದು ದಿನ, "ಸಾಹೇಬ್ರ, ಹೋಗಾಗ ಈ ದಾರೀನೂ ತಗೊಂಡ್ ಹೋಗ್ತೀರೇನ್ರೀ?" ಎಂದು ಕೇಳಿದರು. ನಾವೆಲ್ಲ ನಕ್ಕೆವು, ಉಳಿದವರಿಗಿಂತ ನಾನೇ ಜೋರಾಗಿ ನಕ್ಕ ನೆನಪು. ಹೇಳಿಕೊಳ್ಳುವಂಥ ಅದಿರು ಸಿಗಲಿಲ್ಲ, ಯಂತ್ರ ಕೆಳಗಿಳಿಯಿತು, ತೂತಿಗೆ ಸಿಮೆಂಟು ತುಂಬಿದೆವು. ದಾರಿ ಉಳಿಯಿತು. ಮೊದಲು ಸೌದೆಯ ಟ್ರ್ಯಾಕ್ಟರ್ ಹತ್ತಿತು, ಆಮೇಲೆ ಕಲ್ಲಿನ ಲಾರಿ ಹತ್ತಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ದಾರಿಯೇ ಹಳ್ಳವಾಗಿ ಹರಿದು, ಕೆಂಪು ಹೂಳು ಕೆಳಗಿನ ಕೆರೆಯನ್ನು ಸೇರಿತು. ಆ ಹಿರಿಯರು ಅಷ್ಟರಲ್ಲಿ ಕುರಿಗಳನ್ನು ಬೇರೆ ಗುಡ್ಡಕ್ಕೆ ಹೊಡೆದುಕೊಂಡು ಹೋಗಿದ್ದರು.

ಸಮಯವಾಯಿತೆಂದು ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ. ಅಸ್ಸಾಮಿನ ಬಾಘ್‌ಜಾನ್‌ನಲ್ಲಿ 2020ರ ಮೇ 27ರಂದು ಅನಿಲ ಚಿಮ್ಮಿ, ಜೂನ್ 9ರಂದು ಹೊತ್ತಿಕೊಂಡ ಬಾವಿ ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನದ ಪಕ್ಕದಲ್ಲೇ ಇತ್ತು, ಅದನ್ನು ಪೂರ್ತಿ ಆರಿಸುವ ಹೊತ್ತಿಗೆ ನವೆಂಬರ್ ಬಂದಿತ್ತು ಎಂಬುದನ್ನಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಎಕ್ವಡಾರಿನ ಜನರು 2023ರ ಆಗಸ್ಟ್‌ನಲ್ಲಿ, ಯಾಸುನಿ ಕಾಡಿನ ತೈಲ ನೆಲದಲ್ಲಿಯೇ ಇರಲಿ ಎಂದು ಮತ ಹಾಕಿದರು.

ಹಾಗಾದರೆ ನಮ್ಮ ಲಾರಿಗಳಿಗೆ ಡೀಸೆಲ್ ಎಲ್ಲಿಂದ ಬರಬೇಕು ಎನ್ನುವಿರಿ. ನ್ಯಾಯವಾದ ಪ್ರಶ್ನೆಯೇ. ಹಳೆಯ ತೈಲಕ್ಷೇತ್ರಗಳಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗದಷ್ಟು ತೈಲ ಮಾತ್ರ ಮೇಲೆ ಬರುತ್ತದೆ, ಉಳಿದದ್ದು ಬಂಡೆಯ ಸೂಕ್ಷ್ಮ ರಂಧ್ರಗಳಲ್ಲೇ ಕೂತಿರುತ್ತದೆ. ನೀರನ್ನೋ ಅನಿಲವನ್ನೋ ಒತ್ತಿ ಅದರಲ್ಲಿ ಇನ್ನಷ್ಟನ್ನು ತೆಗೆಯುವ ವಿದ್ಯೆ ನಮಗೆ ತಿಳಿದಿದೆ. ಅಲ್ಲಿಗೆ ದಾರಿ ಈಗಾಗಲೇ ಇದೆ. ನಮಸ್ಕಾರ.