ಲಂಡನ್ ನೋಡದವರು ಬರೆದ ಲಂಡನ್

ಈ ತಟ್ಟೆಯ ಅಂಚನ್ನು ಸ್ವಲ್ಪ ಹತ್ತಿರದಿಂದ ನೋಡಿ. ಥೇಮ್ಸ್ ನದಿ, ದೋಣಿಗಳು, ಹಿಂದೆ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ. ಹಾಗೇ ಪಕ್ಕಕ್ಕೆ ಬನ್ನಿ, ಅದೇ ಅಂಚಿನಲ್ಲಿ ಚೀನಾದ ಕ್ಯಾಂಟನ್ ಕಡೆಯ ಪರ್ಲ್ ನದಿ. ನಡುವೆ ಇರುವುದು ಲೀ ಅನ್ನೋ ಇಂಗ್ಲಿಷ್ ಮನೆತನದ ಲಾಂಛನ. 1730ರ ದಶಕದ ಪಿಂಗಾಣಿ ಇದು. ಬರೆದವರು ಚೀನಾದವರು, ಲಂಡನ್ ಅವರ ಕಣ್ಣಿಗೆ ಬಿದ್ದಿದ್ದು ಮಾದರಿ ಚಿತ್ರದಲ್ಲಿ ಮಾತ್ರ.

ಆಗ ಯುರೋಪಿನ ಶ್ರೀಮಂತರಿಗೆ ಇದೊಂದು ಖಯಾಲಿ. ನಾವು ಸ್ಟೀಲ್ ಪಾತ್ರೆ ಮೇಲೆ ಹೆಸರು ಹಾಕಿಸುತ್ತೇವಲ್ಲ, ಹೆಚ್ಚುಕಮ್ಮಿ ಅದೇ ಆಸೆ, ಆದರೆ ಇವರು ಲಾಂಛನದ ಚಿತ್ರವನ್ನು ಹಡಗಿನವರ ಕೈಗೆ ಕೊಟ್ಟು ಒಂದೆರಡು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಕಾಯಬೇಕಿತ್ತು. ತಟ್ಟೆ ಹುಟ್ಟುತ್ತಿದ್ದಿದ್ದು ಒಳನಾಡಿನ ಜಿಂಗ್‌ದೆಝೆನ್ ಊರಲ್ಲಿ. ಒಂದೊಂದು ಪಾತ್ರೆ ಎಪ್ಪತ್ತು ಜನರ ಕೈ ದಾಟುತ್ತದೆ ಅಂತ 1712ರಲ್ಲಿ ಅಲ್ಲಿದ್ದ ಫ್ರೆಂಚ್ ಪಾದ್ರಿ ದಾಂತ್ರಕೋಲ್ ಊರಿಗೆ ಪತ್ರ ಬರೆದಿದ್ದ. ಆಮೇಲಾಮೇಲೆ ಬಿಳಿ ತಟ್ಟೆಗಳನ್ನು ಹಾಗೇ ಕ್ಯಾಂಟನ್‌ಗೆ ಸಾಗಿಸಿ, ಬಣ್ಣ ಬರೆದು ಮತ್ತೆ ಸುಡುವುದು ರೂಢಿಯಾಯಿತು. ಹಡಗಿನಲ್ಲಿ ಪಿಂಗಾಣಿಗೆ ಜಾಗ ತಳದಲ್ಲಿ. ನೀರು ತಗುಲಿದರೂ ಅದಕ್ಕೇನೂ ಆಗುವುದಿಲ್ಲ, ಮೇಲಿರುವ ಚಹಾ ಒಣಗಿಯೇ ಇರುತ್ತದೆ. ನಿಜವಾದ ದುಡ್ಡು ಚಹಾದಲ್ಲಿತ್ತು ಬಿಡಿ.

ಈ ಚಿತ್ರಕಾರರ ಎಡವಟ್ಟುಗಳನ್ನು ಹೇಳಿಕೊಂಡು ನಗುವವರು ಬಹಳ. ಪೋರ್ಚುಗಲ್ ರಾಜ ಮಾನುಯೆಲ್‌ನ ಚಿಹ್ನೆಯಿರುವ ಒಂದು ಹೂಜಿ ಇದೆ, 16ನೇ ಶತಮಾನದ ಶುರುವಿನದು. ಉಂಗುರಗಳು ಸುತ್ತಿಕೊಂಡಿರುವ ಗೋಳ ಆ ಚಿಹ್ನೆ, ಹೂಜಿಯ ಮೇಲೆ ಅದು ತಲೆಕೆಳಗಾಗಿ ಕೂತಿದೆ! ನನಗಂತೂ ಚಿತ್ರಕಾರನ ತಪ್ಪು ಅನ್ನಿಸುವುದಿಲ್ಲ. ಯಾವತ್ತೂ ನೋಡಿರದ ಗೋಳ, ಯಾವುದು ಮೇಲೆ ಯಾವುದು ಕೆಳಗೆ ಅಂತ ಅವನಿಗೆ ಹೇಳುವವರು ಯಾರು? ಕೊಟ್ಟಿದ್ದನ್ನು ಕೊಟ್ಟ ಹಾಗೇ ಬರೆಯುವುದು ಅವನ ಕಸುಬು. ಕೆಲವರು ಪುಸ್ತಕಕ್ಕೆ ಅಂಟಿಸುವ ಹೆಸರಿನ ಚೀಟಿಯನ್ನೇ ಮಾದರಿಗೆ ಕಳಿಸಿದರು, ಅಚ್ಚಿನ ಸಣ್ಣ ಸಣ್ಣ ಗೆರೆಗಳ ಸಮೇತ ತಟ್ಟೆಗೆ ಇಳಿದು ಬಂತು.

ಮಾದರಿ ಚೆನ್ನಾಗಿದ್ದರೆ ಕೆಲಸ ಹೇಗಿರುತ್ತಿತ್ತು ಅಂತ ನೋಡಬೇಕಾ? ಸ್ಟಾಫರ್ಡ್‌ಶೈರ್‌ನ ಲೀಕ್ ಓಕೋವರ್ ಅನ್ನುವವರು 1740ರ ಸುಮಾರಿಗೆ ತಟ್ಟೆಯ ಚಿತ್ರವನ್ನು ಪೂರ್ತಿ ಬಣ್ಣದಲ್ಲಿ ಬರೆಸಿ ಕಳಿಸಿದರು. ಬಂದ ತಟ್ಟೆಗಳು ಒಂದೊಂದಕ್ಕೆ ಸುಮಾರು ಒಂದು ಪೌಂಡ್ ಬಿದ್ದವು, ಆ ಕಾಲಕ್ಕೆ ವಿಪರೀತ ದುಬಾರಿ. ಮಾದರಿಯ ಮೇಲೆ ಇನ್ನೊಂದು ಮಾತೂ ಬರೆಸಿದ್ದರು: ಇದನ್ನು ವಾಪಸ್ ಕಳಿಸಬೇಕು. ಅದೂ ಸುಮ್ನೆ ಕಳೆದುಹೋಗದೆ ವಾಪಸ್ ಬಂತು.