ಸೆಯೂಜ್ ಬಿಟ್ಟು ಆರಿಯೆಜ್‌ಗೆ: ನಮ್ಮ ಫ್ರಾನ್ಸ್ ಕ್ಲೈಂಬಿಂಗ್ ಪ್ಲಾನ್

ನಮಸ್ಕಾರ. ಫ್ರಾನ್ಸ್‌ಗೆ ಕ್ಲೈಂಬಿಂಗ್‌ಗೆ ಹೋಗುತ್ತಿದ್ದೇವೆ ಅಂದರೆ ಸಾಕು, ಕೇಳಿದವರೆಲ್ಲ ಬಂಡೆ ಹತ್ತುವ ಅದೇ ನಾಲ್ಕು ಪ್ರಸಿದ್ಧ ಜಾಗಗಳ ಹೆಸರು ಹೇಳುತ್ತಾರೆ. ಸೆಯೂಜ್, ವೆರ್ದೋನ್, ಬ್ಯೂಕ್ಸ್, ಫೋಂತೆನ್‌ಬ್ಲೋ. ತಪ್ಪೇನಿಲ್ಲ. ಸೆಯೂಜ್‌ನ ನೀಲಿ ಬಂಡೆ ಯಾರಿಗೆ ಗೊತ್ತಿಲ್ಲ? 2001ರಲ್ಲಿ ಅಮೆರಿಕದ ಕ್ಲೈಂಬರ್ ಕ್ರಿಸ್ ಶರ್ಮಾ ಬಿಯೋಗ್ರಫಿ ಅನ್ನುವ 9ಎ+ ರೂಟ್ ಹತ್ತಿದ್ದು ಅಲ್ಲೇ. 9ಎ+ ಅನ್ನುವುದು ರೂಟ್‌ನ ಗ್ರೇಡ್, ಅಂಕಿ ಏರಿದಷ್ಟೂ ಕಷ್ಟ. ಆದರೆ ನಾವು ಹತ್ತುವುದು 6ಎ, 6ಬಿ. ಅಲ್ಲಿನ ಹೆಸರುವಾಸಿ ರೂಟ್‌ಗಳು ಬಹುಪಾಲು 7ರ ಮೇಲಿನವು. ಹಗ್ಗ ಸಿಕ್ಕಿಸಲು ಬಂಡೆಗೆ ಕೂರಿಸಿದ ಬೋಲ್ಟ್‌ಗಳ ನಡುವೆ ಅಂತರವೂ ಜಾಸ್ತಿ. ಅದರ ಮೇಲೆ ದಿನಾ ಬೆಳಗ್ಗೆ ಸುಮಾರು ಒಂದು ಗಂಟೆ ಏರು ದಾರಿ. ಅಷ್ಟು ದೂರ ಹೋಗಿ, ಬೇರೆಯವರು ಹತ್ತುವುದನ್ನು ಕತ್ತೆತ್ತಿ ನೋಡಿಕೊಂಡು ಬರೋದಾ?

ನನ್ನ ಗೆಳೆಯನ ವಾದವೇ ಬೇರೆ. "ಒಂದ್ಸಲ ಮುಟ್ಟಿಯಾದ್ರೂ ಬರೋಣ" ಅನ್ನುತ್ತಾನೆ. ಮುಟ್ಟಿ ಬರೋಕೆ ವೀಸಾ, ವಿಮಾನ, ರಜೆ ಎಲ್ಲಾ ಖರ್ಚು ಮಾಡುವ ಹಾಗಿಲ್ಲ ಅಂತ ನಾನು. ಹಳೆಯ ಪ್ರಸಿದ್ಧ ಜಾಗಗಳಲ್ಲಿ ಇನ್ನೊಂದು ತೊಂದರೆ ಇದೆ. ನಲವತ್ತು ವರ್ಷಗಳಿಂದ ಜನ ಅದೇ ಹಿಡಿತಗಳನ್ನು ಹಿಡಿದು, ಅದೇ ಜಾಗಕ್ಕೆ ಕಾಲಿಟ್ಟು, ಸುಣ್ಣಕಲ್ಲು ನುಣುಪಾಗಿ ಹೊಳೆಯುತ್ತದೆ. ಸುಲಭದ ರೂಟ್‌ಗಳಲ್ಲೇ ಇದು ಹೆಚ್ಚು, ಯಾಕೆಂದರೆ ಎಲ್ಲರೂ ಹತ್ತುವುದು ಅವನ್ನೇ. ನಮ್ಮ ಗ್ರೇಡ್‌ನವರಿಗೆ ಅದೇ ಪೆಟ್ಟು.

ಹಾಗಾಗಿ ನಾನು ಆರಿಸಿದ್ದು ಆರಿಯೆಜ್. ಟುಲೂಸ್‌ನಿಂದ ದಕ್ಷಿಣಕ್ಕೆ ಹೋದರೆ ಪಿರೆನೀಸ್ ಬೆಟ್ಟಗಳ ಬುಡದಲ್ಲಿ ಸಿಗುವ ಜಿಲ್ಲೆ. ಅದರಾಚೆ ಅಂಡೋರಾ ಮತ್ತು ಸ್ಪೇನ್. ಫ್ರೆಂಚ್ ಕ್ಲೈಂಬರ್‌ಗಳಿಗೆ ಈ ಕಣಿವೆ ಚೆನ್ನಾಗಿ ಗೊತ್ತು. ಹೊರಗಿನವರು ಮಾತ್ರ ಇದನ್ನು ದಾಟಿಕೊಂಡು ಸ್ಪೇನ್ ಕಡೆ ಹೋಗಿಬಿಡುತ್ತಾರೆ. ಹಾಗಂತ ಗುಟ್ಟಿನ ಜಾಗ ಅಂತ ತಿಳಿಯಬೇಡಿ. ಗೈಡ್‌ಬುಕ್ ಇದೆ, ಬೋಲ್ಟ್ ಇದೆ, ಪಾರ್ಕಿಂಗ್ ಇದೆ. ಪೋಸ್ಟರ್ ಇಲ್ಲ, ಅಷ್ಟೇ.

ತಾರಾಸ್ಕೋನ್-ಸುರ್-ಆರಿಯೆಜ್ ಅನ್ನುವ ಪುಟ್ಟ ಊರಲ್ಲಿ ಉಳಿಯುವ ಯೋಚನೆ. ನಕ್ಷೆ ನೋಡಿದರೆ ಕಾರಣ ಗೊತ್ತಾಗುತ್ತದೆ. ಇಲ್ಲಿ ಕಣಿವೆಗಳು ಕೂಡುತ್ತವೆ. ಹತ್ತಿರದಲ್ಲೇ ಬೆದೆಯಾಕ್ ಹಳ್ಳಿ, ಅದರ ಮೇಲೆ ಕಲಾಮೆಸ್. ದಕ್ಷಿಣಕ್ಕೆ ಮುಖ ಮಾಡಿದ ಸುಣ್ಣಕಲ್ಲಿನ ಬಂಡೆ, ನೆತ್ತಿಯಲ್ಲಿ ಪಾಳುಬಿದ್ದ ಕೋಟೆ. ಕಣಿವೆಯಲ್ಲಿ ಇನ್ನೂ ಮೇಲಕ್ಕೆ ಹೋದರೆ ಸಿನ್ಸಾ. ಊರಿನ ತಲೆ ಮೇಲೆ ನೂರಾರು ಮೀಟರ್ ಎತ್ತರದ ಗೋಡೆ. ಅಲ್ಲಿ ಹಲವು ಹಂತಗಳ ಉದ್ದದ ರೂಟ್‌ಗಳು ಇವೆ. ಇನ್ನೊಂದು ಕಣಿವೆಯಲ್ಲಿ ಓಜಾ. ಅಲ್ಲಿ ಸುಣ್ಣಕಲ್ಲು ಮುಗಿದು ನೈಸ್ (gneiss) ಅನ್ನುವ ಗಟ್ಟಿ ಕಲ್ಲು ಶುರು. ಫುವಾ ಪಟ್ಟಣದ ಪೂರ್ವಕ್ಕೆ ರೋಕ್‌ಫಿಕ್ಸಾದ್, ಇಲ್ಲೂ ಬಂಡೆಯ ಮೇಲೆ ಕೋಟೆ. ಒಂದೇ ಮನೆಯಲ್ಲಿ ಉಳಿದುಕೊಂಡು, ಒಂದು ದಿನ ಬಿಸಿಲು, ಒಂದು ದಿನ ನೆರಳು, ಒಂದು ದಿನ ಬೇರೆ ಕಲ್ಲು ಅಂತ ಬದಲಾಯಿಸಬಹುದು. ನನ್ನ ಲೆಕ್ಕದಲ್ಲಿ ಟ್ರಿಪ್ ಗೆಲ್ಲುವುದು ಇಲ್ಲೇ. ಬಂಡೆ ನೋಡಿ ಜಾಗ ಆರಿಸಬೇಡಿ, ಕಣಿವೆ ನೋಡಿ ಆರಿಸಿ.

ಬಾದಾಮಿಯಲ್ಲಿ ಬಂಡೆ ಹತ್ತಿ ಕಲಿತವರಿಗೆ ಒಂದು ಮಾತು. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಅಡ್ಡಡ್ಡ ಪದರಗಳಿವೆ. ಕೈ ಚಾಚಿದರೆ ಅಂಚು ಸಿಗುತ್ತದೆ, ತೋಳಿನ ಶಕ್ತಿಯಲ್ಲಿ ಎಷ್ಟೋ ದೂರ ಹೋಗಬಹುದು. ಸುಣ್ಣಕಲ್ಲಿನ ಇಳಿಜಾರು ಗೋಡೆ ಹಾಗಲ್ಲ. ಬೆರಳು ತೂರುವಷ್ಟು ತೂತು, ನೀರು ಹರಿದು ಕೊರೆದ ಗೆರೆ, ಕಾಲಿಗೆ ಕಣ್ಣಿಗೇ ಕಾಣದ ಉಬ್ಬು. ಪಾದದ ಮೇಲೆ ನಂಬಿಕೆ ಬೇಕು. ಆ ವಿಷಯದಲ್ಲಿ ರಾಮನಗರದ ಕಗ್ಗಲ್ಲಿನ ಮೇಲೆ ಕಾಲು ಉಜ್ಜಿ ಹತ್ತಿದ ಅಭ್ಯಾಸ ನಮಗೆ ಜಾಸ್ತಿ ಕೆಲಸಕ್ಕೆ ಬರುತ್ತದೆ ಅಂತ ನನ್ನ ಅಂದಾಜು. ಅದಕ್ಕೇ ಈ ಮಳೆಗಾಲ ಮುಗಿದ ಮೇಲೆ ಪ್ರಾಕ್ಟೀಸ್‌ಗೆ ಬಾದಾಮಿಗಲ್ಲ, ರಾಮನಗರಕ್ಕೆ ಹೋಗುತ್ತಿದ್ದೇವೆ.

ಗ್ರೇಡ್ ವಿಷಯ. ಹಳೆಯ, ಹೆಚ್ಚು ಜನ ಬಾರದ ಬಂಡೆಗಳಲ್ಲಿ ಗ್ರೇಡ್ ಬಿಗಿ ಇರುತ್ತದೆ. 1980ರ ದಶಕದಲ್ಲಿ ಬೋಲ್ಟ್ ಹಾಕಿದ 6ಎ, ಈಗಿನ ಕ್ಲೈಂಬಿಂಗ್ ಜಿಮ್‌ನ 6ಎಗಿಂತ ಕಷ್ಟ. ಮೊದಲ ದಿನ ನಿಮ್ಮ ಗ್ರೇಡ್‌ಗಿಂತ ಎರಡು ಮೆಟ್ಟಿಲು ಕೆಳಗೆ ಶುರು ಮಾಡಿ. ಹಗ್ಗ 70 ಮೀಟರ್‌ಗಿಂತ ಕಡಿಮೆ ಬೇಡ, ಸಾಧ್ಯವಾದರೆ 80 ಇಟ್ಟುಕೊಳ್ಳಿ. ಹಗ್ಗದ ತುದಿಗೆ ಗಂಟು ಹಾಕದೆ ಯಾರನ್ನೂ ಕೆಳಗಿಳಿಸಬೇಡಿ. ರೂಟ್ ಮುಗಿಯುವ ಕಡೆ, ಹಗ್ಗ ಹಾಕಿ ಇಳಿಯುವ ಆಂಕರ್‌ನಲ್ಲಿ ಕ್ಲಿಪ್ ಮಾಡುವ ಕೊಕ್ಕೆ ಬದಲು ಬರೀ ಉಂಗುರ ಇರಬಹುದು. ಅಂಥ ಕಡೆ ಮೊದಲು ನಿಮ್ಮನ್ನು ಆಂಕರ್‌ಗೆ ಭದ್ರವಾಗಿ ಸಿಕ್ಕಿಸಿಕೊಂಡು, ಆಮೇಲೆ ಗಂಟು ಬಿಚ್ಚಿ, ಹಗ್ಗವನ್ನು ಉಂಗುರದೊಳಗೆ ತೂರಿಸಿ, ಮತ್ತೆ ಕಟ್ಟಿಕೊಂಡು ಇಳಿಯಬೇಕು. ಇದು ಬಾರದವರು ನೆಲದ ಮೇಲೆಯೇ ಕಲಿತು ಹೋಗಬೇಕು, ಮೂವತ್ತು ಮೀಟರ್ ಮೇಲೆ ಯೂಟ್ಯೂಬ್ ನೋಡೋಕಾಗಲ್ಲ.

ಈಗ ಮುಖ್ಯ ವಿಷಯ. ಬಂಡೆ ಹುಡುಕುವುದು ಸುಲಭ. ಈಗ, ಈ ತಿಂಗಳು, ಅದನ್ನು ಹತ್ತಲು ಬಿಡುತ್ತಾರಾ ಅಂತ ತಿಳಿಯುವುದೇ ಕಷ್ಟ. ಫ್ರಾನ್ಸ್‌ನಲ್ಲಿ ಇದರ ಹಿಂದೆ ದೊಡ್ಡ ಕಥೆ ಇದೆ. 2010ರಲ್ಲಿ ಪೆರ್ಪಿನ್ಯಾನ್ ಹತ್ತಿರದ ವೆಂಗ್ರೋ ಅನ್ನುವ ಕಡೆ ದೊಡ್ಡ ಕಲ್ಲೊಂದು ಕಳಚಿ, ಇಬ್ಬರು ಕ್ಲೈಂಬರ್‌ಗಳಿಗೆ ತೀವ್ರ ಗಾಯವಾಯಿತು. ಆ ಬಂಡೆಯ ಉಸ್ತುವಾರಿ ಫ್ರೆಂಚ್ ಪರ್ವತಾರೋಹಣ ಮತ್ತು ಕ್ಲೈಂಬಿಂಗ್ ಒಕ್ಕೂಟದ ಹತ್ತಿರ ಇತ್ತು. ಇಂಥ ಎಷ್ಟೋ ಬಂಡೆಗಳಿಗೆ ಒಕ್ಕೂಟ ಊರಿನವರ ಜೊತೆ, ಜಮೀನಿನ ಒಡೆಯರ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಹೊಣೆ ನಮ್ಮದು, ನೀವು ಜನರನ್ನು ಹತ್ತಲು ಬಿಡಿ ಅಂತ. ಕೇಸು ವರ್ಷಗಟ್ಟಲೆ ನಡೆಯಿತು. ಒಕ್ಕೂಟ ತಪ್ಪು ಮಾಡಿರಲಿ ಬಿಡಲಿ, ಉಸ್ತುವಾರಿ ಅದರದ್ದಾದ ಮೇಲೆ ಪರಿಹಾರವೂ ಅದರದ್ದೇ ಅಂತ ತೀರ್ಪಾಯಿತು. 2020ರಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯವೂ ಅದನ್ನೇ ಎತ್ತಿ ಹಿಡಿಯಿತು. ಪರಿಹಾರದ ಮೊತ್ತ ಹತ್ತು ಲಕ್ಷ ಯೂರೊ ದಾಟಿತ್ತು.

ಆಮೇಲೆ ಏನಾಯಿತು ಅಂತ ಊಹಿಸಬಹುದು. ಒಕ್ಕೂಟ ಒಪ್ಪಂದಗಳಿಂದ ಒಂದೊಂದಾಗಿ ಕೈ ಬಿಟ್ಟಿತು. ಇನ್ನು ಯಾರಾದರೂ ಬಿದ್ದರೆ ಕೋರ್ಟು ನಮ್ಮ ಮನೆ ಬಾಗಿಲಿಗೆ ಬರುತ್ತದೆ ಅಂತ ಹೆದರಿದ ಕೆಲವು ಊರುಗಳು, ಒಡೆಯರು ಬಂಡೆಗಳನ್ನೇ ಮುಚ್ಚಿದರು. 2022ರ ಫೆಬ್ರುವರಿಯಲ್ಲಿ ಹೊಸ ಕಾನೂನು ಬಂತು. ಪ್ರಕೃತಿಯಲ್ಲಿ ಆಡುವ ಆಟದಲ್ಲಿ ಸಹಜವಾಗಿ ಇರುವ ಅಪಾಯದಿಂದ ಗಾಯವಾದರೆ, ಜಾಗದ ಉಸ್ತುವಾರಿ ಇರುವವರ ಮೇಲೆ ಬರೀ ಆ ಕಾರಣಕ್ಕೆ ಹೊಣೆ ಹೊರಿಸುವಂತಿಲ್ಲ ಅಂತ. ಹೆದರಿಕೆ ಸ್ವಲ್ಪ ಕಡಿಮೆಯಾಯಿತು. ಆದರೂ ಹಳೆಯ ಗೈಡ್‌ಬುಕ್‌ನಲ್ಲಿ ಇರುವ ಬಂಡೆ ಇವತ್ತು ತೆರೆದಿದೆ ಅಂತ ನಂಬಿ ಹೊರಡಬೇಡಿ. ದೊಡ್ಡ ಜಾಗ ಮುಚ್ಚಿದರೆ ಸುದ್ದಿಯಾಗುತ್ತದೆ. ಸಣ್ಣದು ಮುಚ್ಚಿದರೆ ದಾರಿಯಲ್ಲಿ ಒಂದು ಹಲಗೆ, ಅದೂ ಫ್ರೆಂಚ್‌ನಲ್ಲಿ.

ಇನ್ನೊಂದು ಹಕ್ಕಿಗಳ ಕಾರಣ. ಪಿರೆನೀಸ್‌ನಲ್ಲಿ ಗಡ್ಡದ ರಣಹದ್ದು ಇದೆ, ಬಿಳಿ ರಣಹದ್ದು ಇದೆ, ಪೆರೆಗ್ರಿನ್ ಗಿಡುಗ ಇದೆ. ಎಲ್ಲವೂ ಗೂಡು ಕಟ್ಟುವುದು ಬಂಡೆಯ ಮೇಲೆಯೇ. ಚಳಿಗಾಲದ ಕೊನೆಯಿಂದ ಬೇಸಿಗೆ ನಡುವಿನವರೆಗೆ ಕೆಲವು ಕಡೆ ಹತ್ತುವುದಕ್ಕೆ ನಿರ್ಬಂಧ ಇರುತ್ತದೆ. ನಮ್ಮ ರಾಮನಗರದ ರಾಮದೇವರ ಬೆಟ್ಟವೂ ರಣಹದ್ದುಗಳ ಧಾಮ ಅಲ್ವಾ, ಹಾಗಾಗಿ ಇದು ನಮಗೇನೂ ಹೊಸದಲ್ಲ. ನಾವು ಅಕ್ಟೋಬರ್ ಆರಿಸಿದ್ದಕ್ಕೆ ಇದೂ ಒಂದು ಕಾರಣ. ಬೇಸಿಗೆಯಲ್ಲಿ ದಕ್ಷಿಣ ಮುಖದ ಬಂಡೆ ಸುಡುತ್ತದೆ, ಸಂಜೆ ಗುಡುಗು ಮಳೆ. ಅಕ್ಟೋಬರ್‌ನಲ್ಲಿ ಬಿಸಿಲು ಹಿತ. ಒಂದೇ ಕಿರಿಕಿರಿ, ಅದು ಬೇಟೆಯ ಕಾಲ. ಕಾಡು ದಾರಿಯಲ್ಲಿ ನಡೆಯುವಾಗ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳಿ. ಕಂದು ಬಣ್ಣದ ಫ್ಯಾಷನ್ ಬೆಂಗಳೂರಿನಲ್ಲೇ ಇರಲಿ.

ಸರಿಯಾದ ಮಾಹಿತಿ ಎಲ್ಲಿ ಸಿಗುತ್ತದೆ? ಊರಿನ ಪ್ರವಾಸಿ ಕಚೇರಿಗೆ ಮೇಲ್ ಮಾಡಿ. ಅಲ್ಲಿನ ಕ್ಲಬ್‌ಗೆ ಬರೆಯಿರಿ. ಮೊದಲ ಸಾಲು ಫ್ರೆಂಚ್‌ನಲ್ಲಿ ಇರಲಿ, ಉಳಿದದ್ದು ಇಂಗ್ಲಿಷ್ ಆದರೂ ಪರವಾಗಿಲ್ಲ. ಇನ್ನು ಗೈಡ್‌ಬುಕ್, ಅಲ್ಲಿನವರ ಮಾತಿನಲ್ಲಿ ಟೋಪೊ, ಅದನ್ನು ಅಲ್ಲಿ ಹೋಗಿಯೇ ದುಡ್ಡು ಕೊಟ್ಟು ಕೊಳ್ಳಿ. ಆ್ಯಪ್‌ನಲ್ಲಿ ಎಲ್ಲಾ ಪುಕ್ಕಟೆ ಸಿಗುತ್ತಲ್ಲ ಅಂತ ಗೆಳೆಯ ಕೇಳಿದ. ಸ್ಥಳೀಯ ಟೋಪೊ ಮಾರಿ ಬಂದ ಹಣ ಎಷ್ಟೋ ಕಡೆ ಹೊಸ ಬೋಲ್ಟ್‌ಗೆ, ಹಳೆಯದನ್ನು ಬದಲಿಸಲಿಕ್ಕೆ ಹೋಗುತ್ತದೆ. ಸಣ್ಣ ಜಾಗಕ್ಕೆ ಪ್ರಾಯೋಜಕರು ಬರುವುದಿಲ್ಲ. ಬೋಲ್ಟ್ ಹಾಕುವವರು ಶನಿವಾರ ಭಾನುವಾರ ಡ್ರಿಲ್ ಹಿಡಿದು ಹೋಗುವ ಊರವರೇ. ಅವರ ಬೋಲ್ಟ್ ಮೇಲೆ ನಾವು ಜೀವ ಇಟ್ಟು ನೇತಾಡುತ್ತೇವೆ, ಪುಸ್ತಕಕ್ಕೆ ಚೌಕಾಸಿ ಮಾಡೋದು ಚೆನ್ನಾಗಿರಲ್ಲ.

ತಲುಪುವ ದಾರಿ ಬೇಗ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನ ಇದೆ. ಪ್ಯಾರಿಸ್‌ನ ಓಸ್ಟರ್‌ಲಿಟ್ಸ್ ನಿಲ್ದಾಣದಿಂದ ಲಾತೂರ್-ದೆ-ಕಾರೋಲ್‌ಗೆ ರಾತ್ರಿ ರೈಲಿದೆ, ಅದು ಫುವಾ ಮೇಲೆಯೇ ಹೋಗುತ್ತದೆ. ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯಿತು. ಆದರೆ ನಾವು ಟುಲೂಸ್‌ಗೆ ಹೋಗಿ ಕಾರು ಬಾಡಿಗೆಗೆ ಹಿಡಿಯುತ್ತಿದ್ದೇವೆ. ತಾರಾಸ್ಕೋನ್‌ಗೆ ಟುಲೂಸ್‌ನಿಂದ ರೈಲಿದೆ ನಿಜ, ಆದರೆ ನಿಲ್ದಾಣದಿಂದ ಬಂಡೆಗೆ ಬಸ್ ಕಾಯುತ್ತಾ ಕೂತರೆ ದಿನ ಹೋಗುತ್ತದೆ. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಊರಲ್ಲೇ ಆರ್‌ಟಿಒದಲ್ಲಿ ಮಾಡಿಸಿಕೊಳ್ಳಿ. ಬಂಡೆ ಕೆಳಗಿನ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಒಂದು ಚೀಲವೂ ಕಾಣಬಾರದು, ಗಾಜು ಒಡೆಯುವವರು ಫ್ರಾನ್ಸ್‌ನಲ್ಲೂ ಇದ್ದಾರೆ.

ವಿಮೆಯ ಬಗ್ಗೆ ಮಾತ್ರ ಗಮನವಿಟ್ಟು ಕೇಳಿ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಬೇಕು. ಅಗ್ಗದ ಪಾಲಿಸಿ ತೋರಿಸಿದರೂ ವೀಸಾ ಸಿಗುತ್ತದೆ. ಆದರೆ ಅಂಥ ಎಷ್ಟೋ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಗೆ ರಕ್ಷಣೆ ಇರುವುದಿಲ್ಲ. ಹಗ್ಗ ಕಟ್ಟಿ ಬಂಡೆ ಹತ್ತುವುದಕ್ಕೆ ಅನ್ವಯಿಸುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಫ್ರಾನ್ಸ್‌ನ ಬೆಟ್ಟಗಳಲ್ಲಿ ಸರ್ಕಾರಿ ರಕ್ಷಣಾ ತಂಡ ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ, ಹೆಲಿಕಾಪ್ಟರ್ ಬಂದರೂ. ಆಸ್ಪತ್ರೆ ಕೇಳುತ್ತದೆ. ತುರ್ತು ನಂಬರ್ 112.

ಊಟ. ನಾವಿಬ್ಬರೂ ಸಸ್ಯಾಹಾರಿಗಳು, ಆರಿಯೆಜ್‌ನಲ್ಲಿ ಬಾತುಕೋಳಿ, ಹಂದಿ ಮಾಂಸದ ಅಡುಗೆಯೇ ಜಾಸ್ತಿ. ಹಾಗಾಗಿ ಅಡುಗೆಮನೆ ಇರುವ ಬಾಡಿಗೆ ಮನೆಯೇ ಬೇಕು. ಚಟ್ನಿಪುಡಿ, ಅವಲಕ್ಕಿ, ಸಾರಿನ ಪುಡಿ ನಮ್ಮಿಂದ. ಬ್ರೆಡ್ಡು, ಗಿಣ್ಣು, ಟೊಮೆಟೊ ಅವರಿಂದ. ಸೋಮವಾರ ಊರಿನ ಬೇಕರಿ ಮುಚ್ಚಿರಬಹುದು, ಭಾನುವಾರ ಮಧ್ಯಾಹ್ನದ ಮೇಲೆ ಏನೂ ಸಿಗದೇ ಇರಬಹುದು, ಶನಿವಾರವೇ ಸಾಮಾನು ತಂದಿಡಿ. ಗ್ಯಾಸ್ ಸಿಲಿಂಡರ್ ವಿಮಾನದಲ್ಲಿ ಒಯ್ಯುವ ಹಾಗಿಲ್ಲ. ಹತ್ತುವಾಗ ಕೈ ಜಾರದಂತೆ ಹಚ್ಚುವ ಚಾಕ್ ಪುಡಿ ಚೆಕ್-ಇನ್ ಬ್ಯಾಗಿಗೆ ಹಾಕಿ, ಕೈಚೀಲದಲ್ಲಿ ಬಿಳಿ ಪುಡಿ ಇಟ್ಟುಕೊಂಡು ಸೆಕ್ಯೂರಿಟಿಯಲ್ಲಿ ಕಥೆ ಹೇಳುವುದು ಬೇಡ.

ಮಳೆ ಬಂದರೆ? ಬಂದೇ ಬರುತ್ತದೆ, ಪಿರೆನೀಸ್ ಅದು. ಈ ಕಣಿವೆ ನನಗೆ ಜಾಸ್ತಿ ಇಷ್ಟವಾಗಿದ್ದು ಇದಕ್ಕೇ. ತಾರಾಸ್ಕೋನ್ ಪಕ್ಕದಲ್ಲೇ ನಿಯೋ ಗುಹೆ. ಕೈಯಲ್ಲಿ ಲಾಟೀನಿನಂಥ ದೀಪ ಕೊಟ್ಟು, ಕತ್ತಲಲ್ಲಿ ಒಳಗೆ ಕರೆದೊಯ್ದು ಹಿಮಯುಗದ ಜನ ಬರೆದ ಕಾಡೆಮ್ಮೆ, ಕುದುರೆಗಳನ್ನು ತೋರಿಸುತ್ತಾರೆ. ಹತ್ತು ಸಾವಿರ ವರ್ಷಕ್ಕೂ ಹಳೆಯ ಚಿತ್ರಗಳು. ಗುಂಪಿನಲ್ಲಿ ಕೆಲವರಿಗೆ ಮಾತ್ರ ಅವಕಾಶ, ಮುಂಗಡ ಬುಕಿಂಗ್ ಬೇಕೇ ಬೇಕು. ಕಲಾಮೆಸ್ ಕೆಳಗಿನ ಬೆದೆಯಾಕ್ ಗುಹೆಯ ಬಾಯಿ ಎಷ್ಟು ದೊಡ್ಡದು ಅಂದರೆ, 1970ರ ದಶಕದಲ್ಲಿ ಅದರೊಳಗೆ ಸಣ್ಣ ವಿಮಾನ ಇಳಿಸಿ ಹಾರಿಸಿದ್ದಾರೆ. ಆಕ್ಸ್-ಲೆ-ತೆರ್ಮ್ ಪಟ್ಟಣದಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಊರ ಮಧ್ಯದ ಕೊಳದಲ್ಲಿ ಯಾರು ಬೇಕಾದರೂ ಪುಕ್ಕಟೆ ಕಾಲು ಇಳಿಬಿಟ್ಟು ಕೂರಬಹುದು. ಬಿಗಿ ಕ್ಲೈಂಬಿಂಗ್ ಶೂನಲ್ಲಿ ದಿನಗಟ್ಟಲೆ ಮಡಿಚಿಕೊಂಡ ಬೆರಳುಗಳಿಗೆ ಇನ್ನೇನು ಬೇಕು?

ಮನೆ ಬುಕ್ ಆಗಿದೆ, ಕಾರು ಬುಕ್ ಆಗಿದೆ, ನಿಯೋ ಗುಹೆಯ ಟಿಕೆಟ್ ಇನ್ನೂ ಮಾಡಿಲ್ಲ. ಆರಿಯೆಜ್‌ನಲ್ಲಿ ಹತ್ತಿ ಬಂದವರು ಯಾರಾದರೂ ಇದ್ದರೆ, ಕಲಾಮೆಸ್‌ನಲ್ಲಿ 5ಸಿ ಮಟ್ಟದ ಒಳ್ಳೆಯ ರೂಟ್ ಯಾವುದು ಅಂತ ಕೆಳಗೆ ಬರೆಯಿರಿ. ವೀಸಾ ಎಷ್ಟು ದಿನಕ್ಕೆ ಬರುತ್ತದೆ ಅಂತ ಮಾತ್ರ ನನ್ನನ್ನು ಕೇಳಬೇಡಿ.